ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಳಿಕ ಆರೈಕೆ: ಆಸ್ಪತ್ರೆಗೆ ಹೊರಡುವ ಮೊದಲೇ ಮನೆ ಸಿದ್ಧವಾಗಲಿ

ಅತಿಯಾದ ಬೊಜ್ಜಿಗೆ ಮಾಡುವ ಶಸ್ತ್ರಚಿಕಿತ್ಸೆ ಈಗ ಮಹಾನಗರಗಳಿಗೆ ಮಾತ್ರ ಸೀಮಿತವಾಗಿಲ್ಲ. ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲೂ ಇದು ನಡೆಯುತ್ತಿದೆ. ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ನಡೆಸುವ ಈ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನವರು ಎರಡು ಮೂರು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಹಾಗಾಗಿ ಚೇತರಿಕೆಯ ಬಹುಭಾಗ ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ರೋಗಿಯ ಜಠರ ಬದಲಾಗಿರುತ್ತದೆ, ಆದರೆ ಮನೆಯ ಅಡುಗೆ, ಊಟದ ಹೊತ್ತು, ನೆಂಟರಿಷ್ಟರ ಒತ್ತಾಯ ಯಾವುದೂ ಬದಲಾಗಿರುವುದಿಲ್ಲ. ತೊಂದರೆ ಆರಂಭವಾಗುವುದು ಇಲ್ಲಿಯೇ. ಆದುದರಿಂದ ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಯಾದ ಕೂಡಲೇ ಮನೆಯವರೆಲ್ಲರೂ ಸಿದ್ಧತೆಗೆ ತೊಡಗುವುದು ಒಳ್ಳೆಯದು.

ದೇಹದಲ್ಲಿ ಆಗುವ ಬದಲಾವಣೆ

ಮುಖ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕಿರಿದಾದ ಕೊಳವೆಯಂತೆ ಹೊಲಿಯುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲವೊಂದನ್ನು ಮಾಡಿ ನೇರವಾಗಿ ಕರುಳಿಗೆ ಜೋಡಿಸುತ್ತಾರೆ. ಈ ಚೀಲದಲ್ಲಿ ಮೊದಮೊದಲು ಹಿಡಿಯುವುದು ಸುಮಾರು 30 ಮಿಲಿ, ಅಂದರೆ ಔಷಧಿ ಕುಡಿಯುವ ಒಂದು ಸಣ್ಣ ಕಪ್ಪಿನಷ್ಟು. ಎರಡರಲ್ಲೂ ಒಳಗಿನ ಹೊಲಿಗೆ ಮಾಯಲು ಕೆಲವು ವಾರಗಳು ಬೇಕು. ಆ ವಾರಗಳಲ್ಲಿ ಆತುರದಿಂದ ನುಂಗಿದ ಒಂದು ತುತ್ತು ಕೂಡ ನೋವು, ವಾಂತಿ ತರಬಲ್ಲದು.

ಮೊದಲೇ ಮಾಡಬೇಕಾದ ಕೆಲಸಗಳು

ಯಕೃತ್ತಿನ ಗಾತ್ರ ಕುಗ್ಗಲೆಂದು ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಎರಡು ವಾರಗಳ ಪಥ್ಯ ಹೇಳುತ್ತಾರೆ. ಅದನ್ನು ತಪ್ಪದೆ ಪಾಲಿಸಬೇಕು. ಬೀಡಿ, ಸಿಗರೇಟು ಸೇದುವವರು ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಮತ್ತೆ ಹಿಡಿಯಬಾರದು.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಿಗಳ ಬಗ್ಗೆ ವೈದ್ಯರಿಂದ ಬರೆಸಿಕೊಳ್ಳಿ. ಆಹಾರ ಒಮ್ಮೆಲೇ ಕಡಿಮೆಯಾಗುವುದರಿಂದ ಹಳೆಯ ಪ್ರಮಾಣದಲ್ಲಿ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಮನೆಯಲ್ಲಿ ಸಕ್ಕರೆ ಪರೀಕ್ಷಿಸುವ ಸಣ್ಣ ಯಂತ್ರ, ಜ್ವರ ನೋಡುವ ಥರ್ಮಾಮೀಟರ್ ಇರಲಿ.

ಮಲಗುವ ಕೋಣೆ ನೆಲ ಅಂತಸ್ತಿನಲ್ಲಿದ್ದರೆ ಉತ್ತಮ. ನೆಲದ ಮೇಲಿನ ಚಾಪೆಗಿಂತ ಮಂಚ ಅನುಕೂಲ. ಎದ್ದು ಕುಳಿತುಕೊಳ್ಳಲು ಎರಡು ಮೂರು ದಿಂಬುಗಳು, ಕೈಯಿರುವ ಗಟ್ಟಿ ಕುರ್ಚಿ ಬೇಕು. ಕುಕ್ಕುರುಗಾಲಿನಲ್ಲಿ ಕೂರುವ ಶೌಚಾಲಯ ಮಾತ್ರ ಇದ್ದರೆ ಅದರ ಮೇಲಿಡುವ ಕುರ್ಚಿಯನ್ನು ಮೊದಲೇ ತಂದಿಡಿ. ಮಳೆಗಾಲವಾದರೆ ಪಾಚಿ ಹಿಡಿದ ಅಂಗಳ ಮತ್ತು ಬಚ್ಚಲನ್ನು ಉಜ್ಜಿ ತೊಳೆಯಿರಿ, ಜಾರಿ ಬೀಳುವ ಸಂಭವವಿದೆ.

ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ಬಾವಿಯಿಂದ ಸೇದುವ ಒಂದು ಬಿಂದಿಗೆ ನೀರು ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ. ನೀರು ಸೇದುವುದು, ಅಕ್ಕಿ ಮುಡಿ ಸರಿಸುವುದು, ಬಗ್ಗಿ ಕುಳಿತು ತೆಂಗಿನಕಾಯಿ ತುರಿಯುವುದು ಇವೆಲ್ಲ ಯಾರ ಪಾಲಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲಿದ್ದು ಒಬ್ಬರೇ ಇರುವವರು, ಕನಿಷ್ಠ ಮೊದಲ ಎರಡು ವಾರ ಜೊತೆಗಿರಲು ಒಬ್ಬರನ್ನು ಗೊತ್ತುಮಾಡಿಕೊಳ್ಳದೆ ಶಸ್ತ್ರಚಿಕಿತ್ಸೆಗೆ ಹೋಗಬಾರದು.

ಅಡುಗೆ ಕೋಣೆಯಲ್ಲಿ

ಆಹಾರ ಹಂತ ಹಂತವಾಗಿ ಬದಲಾಗುತ್ತದೆ. ಮೊದಲು ತಿಳಿಯಾದ ದ್ರವ, ನಂತರ ಸುಮಾರು ಎರಡು ವಾರ ಹಾಲು, ಸೂಪುಗಳಂತಹ ದ್ರವಾಹಾರ, ಆಮೇಲೆ ನುಣ್ಣಗೆ ರುಬ್ಬಿದ್ದು, ಬಳಿಕ ಮೆತ್ತಗಿನದು. ಸಾಮಾನ್ಯ ಊಟಕ್ಕೆ ಮರಳಲು ಆರರಿಂದ ಎಂಟು ವಾರ ಹಿಡಿಯುತ್ತದೆ. ನಿಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ದಿನಗಳ ಲೆಕ್ಕ ಸ್ವಲ್ಪ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಕುಡಿಯುವುದೇ ಮೊದಲ ವಾರಗಳ ದೊಡ್ಡ ಕೆಲಸ. ದಿನಕ್ಕೆ ಒಂದೂವರೆ ಲೀಟರ್ ಗುರಿ. ಒಂದೇ ಬಾರಿಗೆ ಒಂದು ಲೋಟ ಕುಡಿಯಲಾಗದು. 30 ಮಿಲಿಯ ಸಣ್ಣ ಕಪ್ಪಿನಲ್ಲಿ ಕಾಲು ಗಂಟೆಗೊಮ್ಮೆ ಗುಟುಕು ಗುಟುಕಾಗಿ ಕುಡಿದರೆ, 50 ಕಪ್ಪಿಗೆ ಒಂದೂವರೆ ಲೀಟರ್ ಆಗುತ್ತದೆ. ಇಂತಹ ಕೆಲವು ಕಪ್ಪುಗಳನ್ನು ಮಂಚದ ಬದಿಯಲ್ಲಿಯೇ ಇಟ್ಟುಕೊಳ್ಳಿ. ಗಟ್ಟಿ ಆಹಾರ ಆರಂಭವಾದ ಮೇಲೆ ಊಟದೊಂದಿಗೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸೋಡಾದಂತಹ ಗ್ಯಾಸ್ ಇರುವ ಪಾನೀಯಗಳು ಬೇಡ.

ಕಾಯಿಲೆಯವರಿಗೆ ಗಂಜಿ ಎಂಬುದು ನಮ್ಮ ರೂಢಿ. ಆದರೆ ಗಂಜಿ ತಿಳಿಯಲ್ಲಿ ಪ್ರೊಟೀನ್ ತೀರಾ ಕಡಿಮೆ. ಈ ರೋಗಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೊಟೀನ್ ಇರುತ್ತದೆ. ದ್ರವಾಹಾರದ ದಿನಗಳಲ್ಲಿ ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಬೇಳೆ ಕಟ್ಟು ಮತ್ತು ವೈದ್ಯರು ಸೂಚಿಸಿದ ಪ್ರೊಟೀನ್ ಪುಡಿ ಬೇಕಾಗುತ್ತವೆ. ಮುಂದೆ ಮುಳ್ಳು ಬಿಡಿಸಿ ಬೇಯಿಸಿ ರುಬ್ಬಿದ ಮೀನು, ಮೊಟ್ಟೆ, ಹೆಸರುಬೇಳೆ ತೊವ್ವೆ ಆಗುತ್ತದೆ. ತೆಂಗಿನಹಾಲಿನ ಗಸಿ, ಹುರಿದ ಮೀನು, ಹಂದಿ ಮಾಂಸಕ್ಕೆ ಆತುರ ಬೇಡ. ಬೈಪಾಸ್ ಆದವರಲ್ಲಿ ಸಿಹಿತಿಂಡಿಯಿಂದ ಬೆವರು, ಎದೆಬಡಿತ, ಹೊಟ್ಟೆನುಲಿತ, ಭೇದಿ ಉಂಟಾಗಬಹುದು.

ತಟ್ಟೆಯ ಬದಲು ಬಸಿ, ದೊಡ್ಡ ಚಮಚದ ಬದಲು ಚಹಾ ಚಮಚ ಬಳಸಿ. ಚೆನ್ನಾಗಿ ಜಗಿದು, 20 ನಿಮಿಷ ತೆಗೆದುಕೊಂಡು ಉಣ್ಣಲಿ. ಸಾಕೆನಿಸಿದಾಗ ನಿಲ್ಲಿಸಲಿ. "ಇನ್ನೊಂದು ತುತ್ತು" ಎಂದು ಒತ್ತಾಯಿಸುವುದು ಪ್ರೀತಿಯಲ್ಲ, ತೊಂದರೆ.

ಔಷಧಿ ಮತ್ತು ನಡಿಗೆ

ಮಲ್ಟಿವಿಟಮಿನ್, ಬಿ12, ಡಿ, ಕ್ಯಾಲ್ಸಿಯಂ, ಕಬ್ಬಿಣದ ಪೂರಕಗಳನ್ನು ವೈದ್ಯರು ಹೇಳಿದಂತೆ ಜೀವಮಾನವಿಡೀ ಸೇವಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಮೈಕೈ ನೋವೆಂದು ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ನುಂಗಬಾರದು. ವಿಶೇಷವಾಗಿ ಬೈಪಾಸ್ ಆದವರಲ್ಲಿ ಇವು ಹುಣ್ಣು ಉಂಟುಮಾಡುತ್ತವೆ.

ಮನೆಗೆ ಬಂದ ದಿನದಿಂದಲೇ ಹಗಲಿನಲ್ಲಿ ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಇದು ಬಹಳ ಮುಖ್ಯ. "ಪಾಪ, ಮಲಗಿರಲಿ" ಎನ್ನುವ ಕನಿಕರ ಇಲ್ಲಿ ಅಪಾಯಕಾರಿ.

ಕಾಯದೆ ಹೊರಡಬೇಕಾದ ಸಂದರ್ಭಗಳು

ಮನೆಯಲ್ಲಿ ಒಬ್ಬರಾದರೂ ನಾಡಿ ಎಣಿಸಲು ಕಲಿತಿರಲಿ. ಸುಮ್ಮನೆ ಕುಳಿತಿರುವಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ ಒಳಗಿನ ಹೊಲಿಗೆ ಸೋರುತ್ತಿರಬಹುದು. ಕೆಲವೊಮ್ಮೆ ನೋವು, ಜ್ವರಕ್ಕಿಂತ ಮೊದಲು ಕಾಣುವ ಸೂಚನೆ ಇದೇ. 101 ಡಿಗ್ರಿ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ, ಎದೆನೋವು, ಒಂದು ಕಾಲಿನ ಮೀನಖಂಡದಲ್ಲಿ ಊತ, ಕಪ್ಪು ಮಲ, ನೀರೂ ನಿಲ್ಲದಂತಹ ವಾಂತಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಥವಾ 108ಕ್ಕೆ ಕರೆ ಮಾಡಿ. ಆ ಆಸ್ಪತ್ರೆಯ ರಾತ್ರಿ ವೇಳೆಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದು ಅಂಟಿಸಿ.

ಹಲವು ದಿನ ವಾಂತಿಯಾದರೆ ಬಿ1 ವಿಟಮಿನ್ ಕೊರತೆಯಾಗಿ ನಡಿಗೆ ತಪ್ಪುವುದು, ಎರಡೆರಡಾಗಿ ಕಾಣುವುದು, ಗೊಂದಲ ಉಂಟಾಗಬಹುದು. ಇಂತಹವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಸ್ಥಿತಿ ಇನ್ನಷ್ಟು ಹದಗೆಡಬಹುದು. ಆದುದರಿಂದ ಊರಿನ ವೈದ್ಯರ ಬಳಿ ಹೋದಾಗಲೂ ಶಸ್ತ್ರಚಿಕಿತ್ಸೆಯ ವಿಷಯವನ್ನು ಮೊದಲು ಹೇಳಿ. ಅದರ ವಿವರವಿರುವ ಚೀಟಿಯೊಂದು ಸದಾ ಪರ್ಸಿನಲ್ಲಿರಲಿ.

ಭೇಟಿಗೆ ಹೋಗುವವರಿಗೆ

ಅನೇಕರು ಈ ಶಸ್ತ್ರಚಿಕಿತ್ಸೆಯನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. "ಬಾಯಿ ಕಟ್ಟಲಾಗದೆ ಸುಲಭದ ದಾರಿ ಹಿಡಿದರು" ಎಂಬ ಮಾತಿಗೆ ಹೆದರುತ್ತಾರೆ. ಆದರೆ ಬೊಜ್ಜು ಒಂದು ಕಾಯಿಲೆ, ಮತ್ತು ಮೇಲೆ ಹೇಳಿದ ಶಿಸ್ತನ್ನು ನೋಡಿದರೆ ಈ ದಾರಿ ಸುಲಭದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಭೇಟಿಗೆ ಹೋಗುವ ವಾರ್ಡಿನ ಗುರಿಕಾರರು, ಧರ್ಮಭಗಿನಿಯರು, ನೆರೆಹೊರೆಯವರು ಸಿಹಿತಿಂಡಿ, ಬಿಸ್ಕಿಟ್ ಕೊಂಡೊಯ್ಯುವುದು ಬೇಡ. "ಎಷ್ಟು ಬಾಡಿದ್ದೀರಿ", "ಎಷ್ಟು ಕಿಲೋ ಇಳಿಯಿತು" ಎಂಬ ಪ್ರಶ್ನೆಗಳೂ ಬೇಡ. ತಪಾಸಣೆಗೆ ಕರೆದೊಯ್ಯಲು ಒಂದು ವಾಹನ, ಮನೆಗೆ ಎರಡು ಕೊಡ ನೀರು, ಸಂಜೆ ಅಂಗಳದಲ್ಲಿ ಜೊತೆಗೊಂದು ನಡಿಗೆ ಇವು ನಿಜವಾದ ಸಹಾಯ.

ಗುಟುಕು ಗುಟುಕಾಗಿ ಆಹಾರ ಸೇವಿಸುವವರು ಪರಮಪ್ರಸಾದ ಸ್ವೀಕರಿಸುವ ಬಗ್ಗೆ ಅಳುಕಬೇಕಿಲ್ಲ. ನೀರು ಮತ್ತು ಔಷಧಿಯಿಂದ ಒಂದು ಗಂಟೆಯ ಉಪವಾಸ ಮುರಿಯುವುದಿಲ್ಲ. ರೋಗಿಗಳಿಗೂ ಅವರನ್ನು ಆರೈಕೆ ಮಾಡುವವರಿಗೂ ಆ ನಿಯಮದಿಂದ ಧರ್ಮಸಭೆಯ ಕಾನೂನಿನಲ್ಲೇ ವಿನಾಯಿತಿ ಇದೆ. ಮದುವೆ, ರೋಸ್ ಸಮಾರಂಭಗಳಲ್ಲಿ ಇವರ ಕೈಗೆ ಮದ್ಯದ ಲೋಟ ಕೊಡಬೇಡಿ. ಶಸ್ತ್ರಚಿಕಿತ್ಸೆಯಾದ ದೇಹದಲ್ಲಿ ಮದ್ಯ ಬೇಗನೆ ರಕ್ತ ಸೇರುತ್ತದೆ, ಚಟವಾಗುವ ಸಂಭವವೂ ಹೆಚ್ಚು.

ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರಿದರೆ ಗಾಬರಿ ಬೇಡ, ಹೆಚ್ಚಿನವರಲ್ಲಿ ಅದು ಮರಳಿ ಬರುತ್ತದೆ. ಮಹಿಳೆಯರು 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವೈದ್ಯರ ಸಲಹೆ. ತೂಕ ಇಳಿಯಿತೆಂದು ತಪಾಸಣೆ ನಿಲ್ಲಿಸಬಾರದು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸುವುದು ಕೊನೆಯವರೆಗೂ ಅಗತ್ಯ. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.