ಕಿವಿ ಕೇಳಿದ್ದು, ಕಣ್ಣು ಓದಿದ್ದು: ಹಳೆಯ ಬೇಸ್‌ಬಾಲ್ ಆಟಗಾರರ ಹೆಸರುಗಳ ಉಚ್ಚಾರಣೆ

ಸಾರಾಂಶ

ಅಮೆರಿಕದ ಬೇಸ್‌ಬಾಲ್ ಆಟದ ಹಳೆಯ ತಲೆಮಾರುಗಳಲ್ಲಿ ವಲಸಿಗರ ಮಕ್ಕಳು ಬಹುಸಂಖ್ಯೆಯಲ್ಲಿದ್ದರು. ಅವರ ಹೆಸರುಗಳ ರೂಢಿಯ ಉಚ್ಚಾರಣೆ ಮೂಲಭಾಷೆಯ ಶಿಷ್ಟರೂಪಕ್ಕಾಗಲಿ ಇಂಗ್ಲಿಷ್ ಕಾಗುಣಿತಕ್ಕಾಗಲಿ ಹೊಂದದಿರುವುದುಂಟು. ಇಂಥ ರೂಪಗಳನ್ನು ಅಪಭ್ರಂಶಗಳೆಂದು ತಳ್ಳಿಹಾಕುವ ಬದಲು ಶ್ರವಣಪರಂಪರೆಯ ಸಾಕ್ಷ್ಯಗಳೆಂದು ಪರಿಗಣಿಸಬೇಕೆಂಬುದು ಪ್ರಸ್ತುತ ಲೇಖನದ ವಾದ. ಕನ್ನಡ ಲಿಪಿಯಲ್ಲಿ ಇವನ್ನು ಬರೆಯುವಾಗ ಅನುಸರಿಸಬಹುದಾದ ಕ್ರಮವೊಂದನ್ನು ಕೊನೆಯಲ್ಲಿ ಸೂಚಿಸಿದ್ದೇವೆ.

1. ಪ್ರಶ್ನೆಯ ಸ್ವರೂಪ

ಜರ್ಮನಿಯ ಸಂಗೀತಕಾರ ರಿಚರ್ಡ್ ವಾಗ್ನರ್ ಅವರ ಕುಲನಾಮವೂ ಪಿಟ್ಸ್‌ಬರ್ಗ್ ತಂಡದ ಆಟಗಾರ ಹಾನಸ್ ವ್ಯಾಗ್ನರ್ ಅವರ ಕುಲನಾಮವೂ ರೋಮನ್ ಲಿಪಿಯಲ್ಲಿ ಒಂದೇ. ಆದರೆ ಇಬ್ಬರನ್ನೂ ಬಲ್ಲ ಅಮೆರಿಕನ್ ಓದುಗನು ಮೊದಲನೆಯ ಹೆಸರನ್ನು ಹಲ್ಲು-ತುಟಿಗಳು ಸೇರುವ ವಕಾರದಿಂದಲೂ ದೀರ್ಘ ಆಕಾರದಿಂದಲೂ ಉಚ್ಚರಿಸುತ್ತಾನೆ. ಎರಡನೆಯದನ್ನು ತುಟಿ ದುಂಡಾಗಿಸಿದ ಅರ್ಧಸ್ವರದಿಂದಲೂ 'ಬ್ಯಾಗ್' ಎಂಬ ಪದದಲ್ಲಿರುವ ಸ್ವರದಿಂದಲೂ ಉಚ್ಚರಿಸುತ್ತಾನೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಹೆಸರಿನ ಉಚ್ಚಾರಣೆ ಅಕ್ಷರಗಳಿಗೆ ಸೇರಿದ್ದಲ್ಲ, ಆ ಹೆಸರನ್ನು ಹೊತ್ತ ವ್ಯಕ್ತಿಗೂ ಅವನನ್ನು ಹಾಗೆ ಕರೆದ ಸಮುದಾಯಕ್ಕೂ ಸೇರಿದ್ದು ಎಂಬುದನ್ನು ಈ ಒಂದು ಜೋಡಿಯೇ ತೋರಿಸುತ್ತದೆ.

ಈ ಪ್ರಶ್ನೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನು ಹೆಸರಿನ ಕಾಗುಣಿತವನ್ನು ಹಾಗೆಯೇ ಇಳಿಸಿ, ಉಚ್ಚಾರಣೆಯ ಹೊಣೆಯನ್ನು ಓದುಗನಿಗೆ ಬಿಡಬಹುದು. ಕನ್ನಡ ಲಿಪಿಯಲ್ಲಿ ಆ ಅವಕಾಶವಿಲ್ಲ. ಸ್ವರದ ಹ್ರಸ್ವದೀರ್ಘಗಳನ್ನೂ ದಂತ್ಯ-ಮೂರ್ಧನ್ಯ ಭೇದವನ್ನೂ ನಿರ್ಣಯಿಸದೆ ಇಲ್ಲಿ ಒಂದು ಹೆಸರನ್ನೂ ಬರೆಯಲಾಗದು. ಆದುದರಿಂದ ಕನ್ನಡದಲ್ಲಿ ಪ್ರತಿಯೊಂದು ಲಿಪ್ಯಂತರವೂ, ಬರೆದವರಿಗೆ ಅರಿವಿರಲಿ ಇಲ್ಲದಿರಲಿ, ಉಚ್ಚಾರಣೆಯ ಕುರಿತ ಒಂದು ತೀರ್ಪೇ ಆಗಿರುತ್ತದೆ.

ವಲಸಿಗ ಹಿನ್ನೆಲೆಯ ಹೆಸರಿಗೆ ನಾಲ್ಕು ರೂಪಗಳು ಸಾಧ್ಯ: ಮೂಲಭಾಷೆಯ ಶಿಷ್ಟರೂಪ, ಕುಟುಂಬವು ತಂದ ಉಪಭಾಷೆಯ ರೂಪ, ಆಟಗಾರನು ತಾನೇ ಬಳಸಿದ ರೂಪ, ಕಾಗುಣಿತವನ್ನು ನೋಡಿ ಸಾರ್ವಜನಿಕರು ಕಟ್ಟಿಕೊಂಡ ರೂಪ. ಇವು ಒಂದರೊಡನೊಂದು ಬೆರೆತುಹೋಗಿರುವುದೇ ಗೊಂದಲದ ಮೂಲ.

2. ರೇಡಿಯೊಪೂರ್ವದ ಕಾಲ

ಅಮೆರಿಕದ ಪ್ರಮುಖ ಲೀಗ್‌ಗಳ ಪಂದ್ಯವೊಂದು ರೇಡಿಯೊದಲ್ಲಿ ಮೊದಲ ಬಾರಿಗೆ ಪ್ರಸಾರವಾದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದಿಂದ. ಉಚ್ಚಾರಣೆಯ ಇತಿಹಾಸದಲ್ಲಿ ಈ ದಿನಾಂಕವನ್ನು ಒಂದು ಗಡಿಯೆಂದೇ ನಾವು ಭಾವಿಸುತ್ತೇವೆ. ಹಾನಸ್ ವ್ಯಾಗ್ನರ್ ಪ್ರಮುಖ ಲೀಗ್‌ಗಳಲ್ಲಿ ಆಡಿದ್ದು 1897ರಿಂದ 1917ರವರೆಗೆ. ಅವರ ಸಮಕಾಲೀನ ನೆಪೋಲಿಯನ್ ಲಾಜ್‌ವೇ ಆಡಿದ್ದು 1896ರಿಂದ 1916ರವರೆಗೆ. ಅಂದರೆ ಇವರು ಆಡುತ್ತಿದ್ದಾಗ ಇವರ ಹೆಸರು ಒಮ್ಮೆಯೂ ಆಕಾಶವಾಹಿನಿಯಲ್ಲಿ ಕೇಳಿಬರಲಿಲ್ಲ. ಮೈದಾನದ ಹತ್ತಿರವಿದ್ದವರು ಹೆಸರನ್ನು ಕಿವಿಯಿಂದ ಕಲಿತರು. ದೂರದ ಊರುಗಳ ಅಭಿಮಾನಿಗಳು ಪತ್ರಿಕೆಯ ಅಂಕಪಟ್ಟಿಯಿಂದ, ಕಣ್ಣಿನಿಂದ ಕಲಿತರು. ಒಂದೇ ಹೆಸರಿಗೆ ಎರಡು ಪರಂಪರೆಗಳು ಹೀಗೆ ಹುಟ್ಟಿಕೊಂಡವು. ಕೇಳಿದವರ ತಲೆಮಾರು ಮರೆಯಾದಂತೆ ಓದಿದವರ ಪರಂಪರೆ ಮೇಲುಗೈ ಪಡೆಯಿತು.

'ಹಾನಸ್' ಎಂಬ ಹೆಸರಿಗೆ ಆದದ್ದು ಇದೇ. 1874ರಲ್ಲಿ ಪಿಟ್ಸ್‌ಬರ್ಗಿನ ಸಮೀಪ ಜರ್ಮನ್ ವಲಸಿಗ ದಂಪತಿಗಳಿಗೆ ಹುಟ್ಟಿದ ಈ ಆಟಗಾರನ ಪೂರ್ಣ ಹೆಸರು ಯೋಹಾನೆಸ್ ಪೀಟರ್ ವ್ಯಾಗ್ನರ್. ಯೋಹಾನೆಸ್ ಎಂಬುದರ ಮನೆಮಾತಿನ ಮೊಟಕು ರೂಪ 'ಹಾನೆಸ್'. ಅಮೆರಿಕನ್ ಇಂಗ್ಲಿಷಿನಲ್ಲಿ 'ಹಾಟ್' ಮೊದಲಾದ ಪದಗಳ ಓ ಅಕ್ಷರವು ಆಕಾರಕ್ಕೆ ಬಹು ಸಮೀಪದ ಸ್ವರವನ್ನು ಸೂಚಿಸುತ್ತದೆ. ಆದ್ದರಿಂದ ಆ ಹೆಸರನ್ನು ಕೇಳಿದವರು ಅದನ್ನು ಓ ಅಕ್ಷರದಿಂದ ಬರೆದದ್ದು ಕಿವಿಗೆ ನಿಷ್ಠವಾದ ಬರಹವೇ ಆಗಿತ್ತು. ಆದರೆ ಮುಂದೆ ಅದನ್ನು ಓದಿದವರು 'ಬೋನಸ್' ಪದದ ಕಾಗುಣಿತವನ್ನು ಮಾದರಿಯಾಗಿಟ್ಟುಕೊಂಡು 'ಹೋನಸ್' ಎಂದರು. ಇಂದು ಆ ರೂಪ ವ್ಯಾಪಕವಾಗಿ ಕೇಳಿಬರುತ್ತದೆ. ಬರೆದವನ ಓಕಾರವೂ ಓದಿದವನ ಓಕಾರವೂ ಬೇರೆಬೇರೆಯಾದದ್ದರಿಂದ, ಅಕ್ಷರಗಳು ಬದಲಾಗದೆಯೇ ಹೆಸರು ಬದಲಾಯಿತು.

3. ಅಪಭ್ರಂಶವೋ, ಉಪಭಾಷೆಯ ಉಳಿಕೆಯೋ?

ಲಾಜ್‌ವೇ ಅವರ ಹೆಸರು ಇದಕ್ಕಿಂತ ತೊಡಕಿನದು. ಅವರು ಹುಟ್ಟಿದ್ದು 1874ರಲ್ಲಿ, ರೋಡ್ ಐಲೆಂಡಿನ ವೂನ್‌ಸಾಕೆಟ್ ಎಂಬ ಗಿರಣಿ ಪಟ್ಟಣದಲ್ಲಿ, ಕೆನಡಾದಿಂದ ಬಂದ ಫ್ರೆಂಚ್ ಮಾತೃಭಾಷೆಯ ಕುಟುಂಬದಲ್ಲಿ. ಹೆಸರಿನ ಅರ್ಥ 'ಸಂತೋಷ'. ಇಂದಿನ ಶಿಷ್ಟ ಫ್ರೆಂಚಿನಲ್ಲಿ ಇದು 'ಲಾಜ್ವಾ' ಎಂದು ಕೊನೆಗೊಳ್ಳುತ್ತದೆ. ನಡುವಿನ ಜಕಾರವು ಸ್ಪರ್ಶವಿಲ್ಲದ, ಶಕಾರದ ಘೋಷರೂಪ. ಆದರೆ ಬೇಸ್‌ಬಾಲ್ ಬಲ್ಲವರಲ್ಲಿ ಉಳಿದುಬಂದ ರೂಪಗಳು 'ಲಾಜ್‌ವೇ' ಮತ್ತು 'ಲಾಜವೇ'. ಎರಡು ಪದಾಂಶಗಳೋ ಮೂರೋ ಎಂಬಲ್ಲಿ ಭೇದವಿದ್ದರೂ, ಕೊನೆಯ 'ವೇ'ಯಲ್ಲಿ ಇವು ಒಮ್ಮತ ಹೊಂದಿವೆ.

ಇದು ಅಮೆರಿಕನ್ನರು ಕೆಡಿಸಿದ ಉಚ್ಚಾರಣೆ ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಫ್ರೆಂಚ್ ಭಾಷೆಯ ಇತಿಹಾಸ ಬೇರೆಯದನ್ನು ಸೂಚಿಸುತ್ತದೆ. ಈಗ 'ವಾ' ಎಂದು ಉಚ್ಚರಿಸುವ ಆ ಸ್ವರಯುಗ್ಮವು 17ನೆಯ ಶತಮಾನದ ಶಿಷ್ಟಬಳಕೆಯಲ್ಲಿ 'ವೆ' ಎಂದಿತ್ತು. ಪ್ಯಾರಿಸ್ಸಿನ ಜನಸಾಮಾನ್ಯರ ಮಾತಿನಲ್ಲಿದ್ದ 'ವಾ' ರೂಪವು ಶಿಷ್ಟಸ್ಥಾನವನ್ನು ಪೂರ್ಣವಾಗಿ ಗಳಿಸಿದ್ದು ಫ್ರೆಂಚ್ ಕ್ರಾಂತಿಯ ಅನಂತರ. ಅದಕ್ಕೆ ಮುನ್ನವೇ ಸಾಗರ ದಾಟಿ ಕೆನಡಾದಲ್ಲಿ ನೆಲೆಸಿದವರ ಫ್ರೆಂಚಿನಲ್ಲಿ ಹಳೆಯ ರೂಪ ಉಳಿದುಕೊಂಡಿತು. 'ನಾನು', 'ನೀನು' ಎಂಬ ಅರ್ಥದ ಸರ್ವನಾಮಗಳನ್ನು ಅಲ್ಲಿನ ಆಡುಮಾತಿನಲ್ಲಿ ಇಂದಿಗೂ 'ಮ್ವೆ', 'ತ್ವೆ' ಎನ್ನುವುದುಂಟು. ಈ ಹಿನ್ನೆಲೆಯಲ್ಲಿ ನೋಡಿದರೆ 'ಲಾಜ್‌ವೇ' ರೂಪದ ಕೊನೆಯ ಪದಾಂಶವು ಕೆನಡಾದ ಹಳ್ಳಿಗಳಿಂದ ವೂನ್‌ಸಾಕೆಟ್ಟಿಗೆ ಬಂದ ಫ್ರೆಂಚಿನದೇ ಇರಬಹುದು. ಇಂಗ್ಲಿಷಿನ ಪ್ರಭಾವವನ್ನು ನಿಶ್ಚಿತವಾಗಿ ಕಾಣಬಹುದಾದದ್ದು ಮೊದಲ ಪದಾಂಶಕ್ಕೆ ಸರಿದ ಒತ್ತಿನಲ್ಲಿ. 'ಲಾಜ್ವಾ' ಎಂದು ತಿದ್ದಲು ಹೊರಟವರು ವಲಸಿಗನ ಮನೆಮಾತಿನ ಸ್ಥಾನದಲ್ಲಿ ಪ್ಯಾರಿಸ್ಸಿನ ಶಿಷ್ಟರೂಪವನ್ನು ಕೂರಿಸುವ ಸಂಭವವಿದೆ.

ಸೇಂಟ್ ಲೂಯಿಸ್ ತಂಡದ ರೆಡ್ ಶೇನ್‌ಡೀನ್ಸ್ಟ್ ಅವರ ಹೆಸರಿನಲ್ಲಿಯೂ ಇಂಥದೇ ಪ್ರಶ್ನೆಯಿದೆ. ಅವರು 1923ರಲ್ಲಿ ಇಲಿನಾಯ್ ರಾಜ್ಯದ ಜರ್ಮನ್‌ಟೌನಿನಲ್ಲಿ ಹುಟ್ಟಿದವರು. ಹೆಸರಿನ ಮೊದಲ ಭಾಗದಲ್ಲಿ ಓ ಮತ್ತು ಇ ಅಕ್ಷರಗಳು ಜೊತೆಯಾಗಿವೆ. ಇದು ಎರಡು ಚುಕ್ಕಿಗಳ ಜರ್ಮನ್ ಓಕಾರವನ್ನು ಬರೆಯುವ ಬದಲಿ ಕ್ರಮ. ಆ ಸ್ವರಕ್ಕಾಗಿ ನಾಲಗೆ ಏಕಾರದ ಸ್ಥಾನದಲ್ಲಿರಬೇಕು, ತುಟಿ ಓಕಾರದಂತೆ ದುಂಡಾಗಬೇಕು. ಜರ್ಮನಿಯ ಅನೇಕ ಉಪಭಾಷೆಗಳಲ್ಲಿ ತುಟಿಯ ದುಂಡುತನ ಬಿಟ್ಟುಹೋಗಿ ಏಕಾರ ಮಾತ್ರ ಉಳಿದಿದೆ. ಯಿಡ್ಡಿಷಿನಲ್ಲಿಯೂ ದುಂಡು ಸ್ವರ ಉಳಿದಿಲ್ಲ. ಇತ್ತ ಇಂಗ್ಲಿಷಿನಲ್ಲಿ ಆ ಸ್ವರವೇ ಇಲ್ಲದ್ದರಿಂದ ಏಕಾರವೇ ಹತ್ತಿರದ ಬದಲಿ. ಎರಡು ದಾರಿಗಳೂ 'ಶೇನ್' ಎಂಬಲ್ಲಿಗೇ ಬಂದು ಸೇರುತ್ತವೆ. ಜರ್ಮನ್ ಕವಿಯ ಹೆಸರನ್ನು 'ಗಯಟೆ' ಎಂದೂ 'ಗೇಟೆ' ಎಂದೂ ಬರೆದ ಕನ್ನಡಿಗರು ಎದುರಿಸಿದ್ದು ಇದೇ ಸ್ವರವನ್ನು. ಶೇನ್‌ಡೀನ್ಸ್ಟ್ ಅವರು ಪ್ರಮುಖ ಲೀಗಿಗೆ ಬಂದದ್ದು 1945ರಲ್ಲಿ. ಆಗ ರೇಡಿಯೊ ಮನೆಮನೆಯಲ್ಲಿತ್ತು. ಕಾಗುಣಿತ ಎಷ್ಟೇ ದಾರಿ ತಪ್ಪಿಸುವಂತಿದ್ದರೂ ಕಿವಿಯ ರೂಪ ಉಳಿಯಿತು. ಹಾನಸ್‌ಗೆ ಇಲ್ಲದ ರಕ್ಷಣೆ ಇವರಿಗೆ ದೊರೆಯಿತು.

4. ಹೊಂದಾಣಿಕೆಯ ಮೂರು ಮಾರ್ಗಗಳು

ಎಲ್ಲ ಹೆಸರುಗಳೂ ಹೀಗೆ ಉಳಿದುಬಂದವೆಂದು ನಾವು ಹೇಳುತ್ತಿಲ್ಲ. ಆಟಗಾರರು ತಮ್ಮ ಹೆಸರನ್ನು ಇಂಗ್ಲಿಷ್ ಸಮಾಜಕ್ಕೆ ಹೊಂದಿಸಿದ ಮಾರ್ಗಗಳು ಮುಖ್ಯವಾಗಿ ಮೂರು.

ಮೊದಲನೆಯದು, ಹೆಸರನ್ನೇ ಬದಲಿಸುವುದು. ಮಿಲ್ವಾಕಿಯ ಪೋಲಿಷ್ ಕುಟುಂಬದ ಶಿಮಾನ್‌ಸ್ಕಿ, ಅಲ್ ಸಿಮನ್ಸ್ ಆದರು. ಸ್ಯಾನ್ ಫ್ರಾನ್ಸಿಸ್ಕೊದ ಇಟಾಲಿಯನ್ ಕುಟುಂಬದ ಪೆಟ್ಸೋಲೊ, ಗಣಿಯೂರೊಂದರ ಹೆಸರನ್ನು ತೆಗೆದುಕೊಂಡು ಪಿಂಗ್ ಬೋಡಿ ಆದರು. ಇಲ್ಲಿ ಉಚ್ಚಾರಣೆಯ ಪ್ರಶ್ನೆ ಉಳಿಯುವುದಿಲ್ಲ, ಮೂಲಹೆಸರೂ ಉಳಿಯುವುದಿಲ್ಲ.

ಎರಡನೆಯದು, ಧ್ವನಿಯನ್ನು ಉಳಿಸಿಕೊಂಡು ಕಾಗುಣಿತವನ್ನು ಬದಲಿಸುವುದು. ಪೆನ್ಸಿಲ್ವೇನಿಯದ ಶಮೋಕಿನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ 1889ರಲ್ಲಿ ಹುಟ್ಟಿದ ಸ್ಟ್ಯಾನ್ ಕೊವೆಲೆಸ್ಕಿ ಅವರ ಪೋಲಿಷ್ ಕುಲನಾಮ ಕೊವಾಲೆಫ್‌ಸ್ಕಿ. ಪೋಲಿಷಿನಲ್ಲಿ ಡಬ್ಲ್ಯೂ ಅಕ್ಷರವು ಇಂಗ್ಲಿಷಿನ ವಿ ಅಕ್ಷರದ ಧ್ವನಿಯನ್ನು ಸೂಚಿಸುತ್ತದೆ. ಇಂಗ್ಲಿಷ್ ಬರಹದಲ್ಲಿ ಈ ಹೆಸರಿನ ಮೊದಲ ಡಬ್ಲ್ಯೂ ಹೋಗಿ ವಿ ಬಂದಿರುವುದು ಇದನ್ನು ಕೇಳಿ ಬರೆದರೆಂಬುದಕ್ಕೆ ಸಾಕ್ಷಿ. ಪದಾಂತ್ಯಕ್ಕೆ ಮುನ್ನ ಸಕಾರದ ಪಕ್ಕದಲ್ಲಿ ಫಕಾರದಂತೆ ಅಘೋಷವಾಗುತ್ತಿದ್ದ ಎರಡನೆಯ ಡಬ್ಲ್ಯೂ ಬರಹದಿಂದಲೂ ಮಾತಿನಿಂದಲೂ ಬಿದ್ದುಹೋಗಿದೆ. ಹಳೆಯ ಪತ್ರಿಕೆಗಳ ಕಾಗುಣಿತದ 'ತಪ್ಪು'ಗಳನ್ನು ಭಾಷಾವಿಜ್ಞಾನಿ ಬೆಲೆಯುಳ್ಳವೆಂದು ಎಣಿಸುವುದು ಈ ಕಾರಣಕ್ಕಾಗಿ. ಸರಿಯಾದ ಕಾಗುಣಿತ ರೂಢಿಯನ್ನು ಮಾತ್ರ ತಿಳಿಸುತ್ತದೆ. ತಪ್ಪು ಕಾಗುಣಿತ ವರದಿಗಾರನ ಕಿವಿಗೆ ಬಿದ್ದದ್ದನ್ನು ತಿಳಿಸಬಲ್ಲದು.

ಮೂರನೆಯದು, ಕಾಗುಣಿತವನ್ನು ಉಳಿಸಿಕೊಂಡು ಧ್ವನಿಯನ್ನು ಬಿಟ್ಟುಕೊಡುವುದು. ಇದಕ್ಕೆ ಪ್ರಸಿದ್ಧ ಉದಾಹರಣೆ, 1914ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸಿಸಿಲಿಯ ವಲಸಿಗರಿಗೆ ಹುಟ್ಟಿದ ಜೋ ಡಿಮಾಜಿಯೊ. ಇಟಾಲಿಯನ್ನಿನಲ್ಲಿ ಈ ಹೆಸರಿಗೆ ಮೂರೇ ಪದಾಂಶಗಳು: 'ದಿ-ಮಾಜ್-ಜೊ'. ಅಲ್ಲಿ ಐ ಅಕ್ಷರ ಸ್ವರವನ್ನು ಸೂಚಿಸುವುದಿಲ್ಲ. ಅದರ ಹಿಂದಿನ ಅಕ್ಷರವನ್ನು ಗಕಾರವಾಗಿ ಓದದೆ ಜಕಾರವಾಗಿ ಓದಬೇಕೆಂದು ತಿಳಿಸುವ ಗುರುತು ಮಾತ್ರ ಅದು. ಇಂಗ್ಲಿಷ್ ಓದುಗರು ಆ ಗುರುತಿಗೂ ಸ್ವರವನ್ನು ಕೊಟ್ಟು ನಾಲ್ಕು ಪದಾಂಶ ಮಾಡಿದರು, ಜಕಾರದ ದ್ವಿತ್ವವನ್ನು ಕೈಬಿಟ್ಟರು. ಲೂ ಗೆರಿಗ್ ಅವರ ಹೆಸರಿನಲ್ಲಿ ಎಚ್ ಅಕ್ಷರವು ಜರ್ಮನ್ ಬರಹದಲ್ಲಿ ಹಿಂದಿನ ಸ್ವರದ ದೀರ್ಘತೆಯ ಚಿಹ್ನೆ. ಅಂತ್ಯದ ವ್ಯಂಜನ ಶಿಷ್ಟ ಜರ್ಮನ್ನಿನಲ್ಲಿ ಹಕಾರ-ಶಕಾರಗಳ ನಡುವಣ ಘರ್ಷಧ್ವನಿ. ಇಂಗ್ಲಿಷ್ ರೂಪದಲ್ಲಿ ದೀರ್ಘತೆ ಹೋಯಿತು, ಅಂತ್ಯ ಗಕಾರವಾಯಿತು. ಮುಂದಿನ ತಲೆಮಾರಿನ ಕಾರ್ಲ್ ಯಸ್ಟ್ರೆಮ್‌ಸ್ಕಿ ಅವರ ಹೆಸರಿನಲ್ಲಿ ಆರ್ ಮತ್ತು ಝಡ್ ಅಕ್ಷರಗಳು ಪೋಲಿಷಿನಲ್ಲಿ ಕೂಡಿ ಒಂದೇ ಧ್ವನಿಯನ್ನು ಸೂಚಿಸುತ್ತವೆ, ಟಕಾರದ ಮುಂದೆ ಅದು ಷಕಾರಕ್ಕೆ ಸಮೀಪದ ಧ್ವನಿ. ಇಂಗ್ಲಿಷ್ ರೂಪದಲ್ಲಿ ರಕಾರವನ್ನು ಉಚ್ಚರಿಸಿ ಝಡ್ಡನ್ನು ಮೌನವಾಗಿಸಲಾಯಿತು. ಆದರೂ ಅಭಿಮಾನಿಗಳು ಅವರನ್ನು ಕರೆದದ್ದು 'ಯಾಜ್' ಎಂದು. ಪೂರ್ಣ ಹೆಸರಿನಲ್ಲಿ ಕೇಳಿಸದ ಅಕ್ಷರ ಅಡ್ಡಹೆಸರಿನಲ್ಲಿ ಕೇಳಿಸುತ್ತದೆ. ಅಡ್ಡಹೆಸರು ಹುಟ್ಟಿದ್ದು ಕಣ್ಣಿನಿಂದ, ಪೂರ್ಣನಾಮ ಉಳಿದದ್ದು ಕಿವಿಯಿಂದ.

ಈ ಮೂರನೆಯ ಗುಂಪಿನವರ ಹೆಸರನ್ನು ಮೂಲಭಾಷೆಗೆ ಮರಳಿಸಿ 'ದಿಮಾಜ್ಜೊ' ಎಂದು ಬರೆಯುವುದು ಪಾಂಡಿತ್ಯವಾಗಿ ಕಂಡೀತು. ಆದರೆ ಅದು ಆ ಆಟಗಾರ ಜೀವನಪರ್ಯಂತ ಓಗೊಟ್ಟ ಹೆಸರಲ್ಲ.

5. ಸಾಕ್ಷ್ಯಗಳ ಕ್ರಮ

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಈ ಕ್ರಮವನ್ನು ನಾವು ಸೂಚಿಸುತ್ತೇವೆ: ಮೊದಲು ಆಟಗಾರನ ಸ್ವಂತ ಧ್ವನಿ, ಅದು ದೊರೆಯದಿದ್ದರೆ ಕುಟುಂಬದ ಮತ್ತು ಹುಟ್ಟೂರಿನ ಬಳಕೆ, ಬಳಿಕ ಜೊತೆಗೆ ಆಡಿದವರ ಮಾತು ಹಾಗೂ ಸಮಕಾಲೀನ ಪ್ರಸಾರ, ಅನಂತರ ಪ್ರಾಸ, ಶ್ಲೇಷೆ, ತಪ್ಪು ಕಾಗುಣಿತ ಮೊದಲಾದ ಲಿಖಿತ ಸುಳಿವುಗಳು, ಅಧಿಕೃತ ಕಾಗುಣಿತ ಎಲ್ಲಕ್ಕಿಂತ ಕೊನೆಗೆ. ಲಾರೆನ್ಸ್ ರಿಟ್ಟರ್ 1960ರ ದಶಕದಲ್ಲಿ ಟೇಪ್ ರೆಕಾರ್ಡರ್ ಹಿಡಿದು ವೃದ್ಧ ಆಟಗಾರರನ್ನು ಅರಸಿ ಹೋಗಿ ಅವರ ಮಾತುಗಳನ್ನು ಮುದ್ರಿಸಿಕೊಂಡರು. ಅದರ ಫಲವಾದ ಗ್ರಂಥ 1966ರಲ್ಲಿ ಪ್ರಕಟವಾಯಿತು. ಕೊವೆಲೆಸ್ಕಿ ಅವರೂ ಅದರಲ್ಲಿ ಮಾತಾಡಿದ್ದಾರೆ. ಆಟದ ಇತಿಹಾಸಕ್ಕಾಗಿ ಸಂಗ್ರಹವಾದ ಆ ಧ್ವನಿಮುದ್ರಣಗಳು ಹೆಸರುಗಳ ಅಧ್ಯಯನಕ್ಕೂ ಅಮೂಲ್ಯವಾದವು. ಹಳೆಯ ಆಟಗಾರನೊಬ್ಬ ತನ್ನ ಸಹ ಆಟಗಾರನನ್ನು ಹೆಸರು ಹಿಡಿದು ನೆನೆಯುವಾಗ, ಅರ್ಧ ಶತಮಾನದ ಹಿಂದೆ ಮೈದಾನದಲ್ಲಿ ಕೂಗಿದ ಹೆಸರೇ ಅವನ ಬಾಯಿಂದ ಬರುತ್ತದೆ.

ಕನ್ನಡ ಲಿಪಿಗೂ ತನ್ನದೇ ಮಿತಿಗಳಿವೆ. ನಮ್ಮ ಒಂದೇ ವಕಾರವು ಇಂಗ್ಲಿಷಿನ ಎರಡು ಧ್ವನಿಗಳ ಹೊರೆ ಹೊರುವುದರಿಂದ ವಾಗ್ನರ್-ವ್ಯಾಗ್ನರ್ ಭೇದದಲ್ಲಿ ಸ್ವರ ಮಾತ್ರ ಕಾಣುತ್ತದೆ, ವ್ಯಂಜನ ಕಾಣುವುದಿಲ್ಲ. ಲಾಜ್‌ವೇ ಹೆಸರಿನ ಜಕಾರಕ್ಕೆ ಸರಿಯಾದ ಅಕ್ಷರ ನಮ್ಮಲ್ಲಿಲ್ಲ. ಮತ್ತೊಂದೆಡೆ, ರೋಮನ್ ಲಿಪಿ ತೋರಿಸದ ಭೇದವನ್ನು ಕನ್ನಡ ತೋರಿಸಬಲ್ಲದು. ಪೋರ್ಟೊ ರಿಕೊದ ರೊಬೆರ್ತೊ ಕ್ಲೆಮೆಂತೆ ಅವರ ಹೆಸರಿನ ತಕಾರಗಳು ಸ್ಪ್ಯಾನಿಷಿನಲ್ಲಿ ದಂತ್ಯ, ಎಕಾರಗಳು ಹ್ರಸ್ವ. 'ಕ್ಲೆಮೆಂಟೇ' ಎಂದು ಬರೆದರೆ ಅಮೆರಿಕನ್ ಘೋಷಕನ ಬಾಯಿಯನ್ನೂ 'ಕ್ಲೆಮೆಂತೆ' ಎಂದು ಬರೆದರೆ ಅವರ ಮನೆಯ ಮಾತನ್ನೂ ಆರಿಸಿಕೊಂಡಂತೆ.

ಈ ಆಯ್ಕೆ ಕ್ಷುಲ್ಲಕವಲ್ಲ. ಕ್ಲೆಮೆಂತೆ ಅವರನ್ನು ಅಮೆರಿಕದ ಆಟಗಾರ-ಚಿತ್ರಗಳ ಕಾರ್ಡುಗಳು ವರ್ಷಗಟ್ಟಲೆ 'ಬಾಬ್' ಎಂದು ಮುದ್ರಿಸಿದವು. ತಮ್ಮ ಹೆಸರು ರೊಬೆರ್ತೊ ಎಂದು ಅವರು ಪಟ್ಟುಹಿಡಿದರು. 1972ರ ಡಿಸೆಂಬರ್ 31ರಂದು, ಭೂಕಂಪಪೀಡಿತ ನಿಕರಾಗುವಾಕ್ಕೆ ನೆರವು ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಪತನವಾಗಿ ಅವರು ತೀರಿಕೊಂಡರು. ಮರುವರ್ಷ ಹಾಲ್ ಆಫ್ ಫೇಮ್‌ನಲ್ಲಿ ಇರಿಸಿದ ಫಲಕದಲ್ಲಿ ತಾಯಿಯ ಕುಲನಾಮವಾದ ವಾಕರ್ ನಡುವೆ ಬಂದಿತ್ತು. ಸ್ಪ್ಯಾನಿಷ್ ಪದ್ಧತಿಯಂತೆ ಅದು ಕೊನೆಯಲ್ಲಿ ಬರಬೇಕಿತ್ತು. 2000ದಲ್ಲಿ ಹೊಸ ಫಲಕ ಮಾಡಿಸಿ ಕ್ರಮವನ್ನು ಸರಿಪಡಿಸಲಾಯಿತು.

ಲೋಹದ ಫಲಕವನ್ನು ಮತ್ತೆ ಎರಕ ಹೊಯ್ಯಬಹುದು. ಆದರೆ ಕೇಳಿದವರ ಕೊನೆಯ ಕಿವಿಯೂ ಇಲ್ಲವಾದ ಮೇಲೆ ಉಚ್ಚಾರಣೆಯನ್ನು ಮರಳಿ ಪಡೆಯುವುದು ಕಠಿಣ. ಕಾಗುಣಿತದ ಮರೆಯಲ್ಲಿ ನಿಲ್ಲಲು ಬಿಡದ ಲಿಪಿಯಲ್ಲಿ ಬರೆಯುವ ನಾವು, ಹೆಸರೊಂದನ್ನು ಇಳಿಸುವ ಮುನ್ನ ಅದನ್ನು ಯಾರು ಹೇಗೆ ಕರೆಯುತ್ತಿದ್ದರೆಂದು ವಿಚಾರಿಸುವುದು ಶಾಸ್ತ್ರಕ್ಕೂ ಸೌಜನ್ಯಕ್ಕೂ ಒಪ್ಪುವ ಕ್ರಮ.