ಕಿರುಸಾಲದ ಹಣ ಎಲ್ಲಿಂದ ಬರುತ್ತದೆ?

ತಿಂಗಳ ನಡುವೆ ನಮ್ಮ ಹೋಟೆಲುಗಳ ಗಲ್ಲಾದ ಮುಂದೆ ಕೇಳಿಬರುವ ಮಾತೊಂದಿದೆ: "ಊರಿನಲ್ಲಿ ಸಂಘದ ಕಂತು ಇದೆ, ಸ್ವಲ್ಪ ಅಡ್ವಾನ್ಸ್ ಬೇಕಿತ್ತು." ಮುಂಬಯಿ, ಪುಣೆ, ಹೈದರಾಬಾದ್ ಎಲ್ಲೇ ಇರಲಿ, ಅಡುಗೆಯವರು, ಸಪ್ಲಾಯರ್‌ಗಳು, ಕ್ಲೀನಿಂಗ್ ಹುಡುಗರು ಇದನ್ನು ಹೇಳುತ್ತಲೇ ಇರುತ್ತಾರೆ. ಸಾಲ ಪಡೆದವರು ಊರಿನಲ್ಲಿರುವ ತಾಯಿ ಅಥವಾ ಹೆಂಡತಿ. ಕಂತು ತುಂಬುವುದು ಇಲ್ಲಿಯ ಸಂಬಳದಿಂದ. ಹೀಗಿರುವಾಗ ಆ ಸಾಲ ಕೊಡುವ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಉದ್ಯಮಿಗಳಾದ ನಾವು ತಿಳಿದಿರುವುದು ಒಳ್ಳೆಯದು.

ಮೊದಲನೆಯ ಮೂಲ, ಸದಸ್ಯರದೇ ಉಳಿತಾಯ. 1974ರಲ್ಲಿ ಅಹಮದಾಬಾದಿನ ಸುಮಾರು 4,000 ದುಡಿಯುವ ಮಹಿಳೆಯರು ತಲಾ 10 ರೂಪಾಯಿ ಷೇರು ಹಣ ಹಾಕಿ ಸೇವಾ ಬ್ಯಾಂಕ್ ಕಟ್ಟಿದರು. ನಮ್ಮ ಕರಾವಳಿಗೆ ಈ ವಿಚಾರ ಹೊಸತೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಯೋಜನೆ ಆರಂಭಿಸಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ನಮ್ಮ ಬಾಯಲ್ಲಿ ಹಾಗೆಯೇ ಉಳಿದಿದೆ.

ಎರಡನೆಯದು ದಾನ ಮತ್ತು ಅಗ್ಗದ ಬಡ್ಡಿಯ ಹಣ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಅವರು 1976ರಲ್ಲಿ ಜೋಬ್ರಾ ಗ್ರಾಮದ 42 ಮಂದಿಗೆ ತಮ್ಮ ಕಿಸೆಯಿಂದ ಒಟ್ಟು 856 ಟಾಕಾ ಸಾಲ ಕೊಟ್ಟರು. ಆ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಬೆಳೆಯುವ ಕಾಲದಲ್ಲಿ ಅದಕ್ಕೆ ಅಲ್ಲಿನ ಕೇಂದ್ರ ಬ್ಯಾಂಕ್ ಹಾಗೂ ವಿದೇಶಿ ಸಂಸ್ಥೆಗಳ ನೆರವಿತ್ತು. ಆದರೆ 1995ರಲ್ಲಿ ಇನ್ನು ಮುಂದೆ ದಾನಿಗಳ ಹಣ ಬೇಡವೆಂದು ತೀರ್ಮಾನಿಸಿ, ಠೇವಣಿಯ ಬಲದಿಂದಲೇ ನಡೆಯತೊಡಗಿತು. ದಾನದಿಂದ ಆರಂಭ ಸಾಧ್ಯ, ಆದರೆ ಅದನ್ನೇ ನಂಬಿ ಉದ್ಯಮ ನಡೆಯದು ಎಂಬುದಕ್ಕೆ ಇದು ನಿದರ್ಶನ.

ಮೂರನೆಯದು ಬ್ಯಾಂಕ್ ಸಾಲ. ಭಾರತದಲ್ಲಿ ಇದೇ ದೊಡ್ಡ ಮೂಲ. ಕರ್ನಾಟಕದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಕಟ್ಟಿದ ಸ್ವಸಹಾಯ ಗುಂಪುಗಳ ಅನುಭವದ ನೆರವಿನಿಂದ ನಬಾರ್ಡ್ 1992ರಲ್ಲಿ ಗುಂಪುಗಳಿಗೆ ಬ್ಯಾಂಕಿನಿಂದ ನೇರ ಸಾಲ ಕೊಡಿಸುವ ಯೋಜನೆ ಆರಂಭಿಸಿತು. 2000ದಲ್ಲಿ ರಿಸರ್ವ್ ಬ್ಯಾಂಕ್, ಕಿರುಸಾಲ ಸಂಸ್ಥೆಗಳಿಗೆ ಬ್ಯಾಂಕುಗಳು ಕೊಡುವ ಸಾಲವನ್ನೂ ಆದ್ಯತಾ ವಲಯದ ಲೆಕ್ಕಕ್ಕೆ ಸೇರಿಸಿತು. ಆದ್ಯತಾ ವಲಯದ ಗುರಿ ಮುಟ್ಟಲೇಬೇಕಾದ ಬ್ಯಾಂಕುಗಳಿಗೆ ಇದರಿಂದ ಅನುಕೂಲವಾಯಿತು.

ವಾಶಿ ಮಾರ್ಕೆಟ್ಟಿನ ಸಗಟು ವ್ಯಾಪಾರಿ ಮತ್ತು ಬೀದಿಯ ಕಿರಾಣಿ ಅಂಗಡಿ ಇದ್ದಂತೆ ಇದು. ಬ್ಯಾಂಕು ಸಗಟಾಗಿ ಕೊಡುತ್ತದೆ, ಸಂಸ್ಥೆ ಚಿಲ್ಲರೆಯಾಗಿ ಹಂಚುತ್ತದೆ. ಬ್ಯಾಂಕಿಗೆ ಕಟ್ಟುವ ಬಡ್ಡಿ, ಹಳ್ಳಿ ಹಳ್ಳಿ ತಿರುಗುವ ಸಿಬ್ಬಂದಿಯ ಸಂಬಳ, ಮುಳುಗುವ ಸಾಲ, ಲಾಭ ಇವೆಲ್ಲ ಸೇರಿದಾಗ ಬಡ್ಡಿ ಏರುವುದು ಸಹಜ. 2011ರಲ್ಲಿ ರಿಸರ್ವ್ ಬ್ಯಾಂಕ್ ಹಾಕಿದ ಮಿತಿಯೇ ಶೇ. 26 ಆಗಿತ್ತು!

ನಾಲ್ಕನೆಯದು ಷೇರು ಬಂಡವಾಳ. ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ 2010ರ ಆಗಸ್ಟಿನಲ್ಲಿ ಷೇರು ಪೇಟೆಗೆ ಬಂತು. ಷೇರಿಗೆ 985 ರೂಪಾಯಿಯಂತೆ ನಡೆದ ಆ ಮಾರಾಟದ ಮೊತ್ತ 1,600 ಕೋಟಿ ರೂಪಾಯಿಗೂ ಹೆಚ್ಚು. ಎರಡೇ ತಿಂಗಳಲ್ಲಿ, ಒಂದೇ ಮನೆಗೆ ಹಲವು ಸಂಸ್ಥೆಗಳ ಸಾಲ, ವಸೂಲಿಯ ಒತ್ತಡ, ಆತ್ಮಹತ್ಯೆಯ ಸುದ್ದಿಗಳ ನಡುವೆ ಆಂಧ್ರ ಸರಕಾರ ಸುಗ್ರೀವಾಜ್ಞೆ ತಂದಿತು. ಅಲ್ಲಿ ಮರುಪಾವತಿ ಕುಸಿಯಿತು. ಬ್ಯಾಂಕುಗಳು ಕೈ ಬಿಗಿಹಿಡಿದವು. ಸ್ವಂತ ಠೇವಣಿ ಇಲ್ಲದ ಸಂಸ್ಥೆಗಳಿಗೆ ಹಣದ ನಲ್ಲಿಯೇ ನಿಂತಂತಾಯಿತು.

ಈ ಪೆಟ್ಟಿನ ನಂತರ ರಿಸರ್ವ್ ಬ್ಯಾಂಕ್ ಈ ಸಂಸ್ಥೆಗಳಿಗೆಂದೇ ಪ್ರತ್ಯೇಕ ವರ್ಗ ರಚಿಸಿತು. ಅವು ಸಾರ್ವಜನಿಕರಿಂದ ಠೇವಣಿ ಪಡೆಯುವಂತಿಲ್ಲ. ಆದ್ದರಿಂದಲೇ ಕೆಲವು ಬ್ಯಾಂಕ್ ಆಗುವ ದಾರಿ ಹಿಡಿದವು. ಕೋಲ್ಕತ್ತದ ಬಂಧನ್ 2015ರಲ್ಲಿ ಬ್ಯಾಂಕ್ ಆಯಿತು. ಬೆಂಗಳೂರಿನ ಉಜ್ಜೀವನ್ 2017ರಲ್ಲಿ ಕಿರು ಹಣಕಾಸು ಬ್ಯಾಂಕಾಯಿತು. ಇನ್ನೊಂದು ಕ್ರಮವೂ ಇದೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಬ್ಯಾಂಕುಗಳ ವ್ಯವಹಾರ ಪ್ರತಿನಿಧಿಯಾಗಿ ಕೆಲಸ ಮಾಡುತ್ತಿದೆ. ಈ ಕ್ರಮದಲ್ಲಿ ಸಾಲ ಕೊಡುವುದು ಬ್ಯಾಂಕು. ನಡುವಿನ ಸಂಸ್ಥೆ ಗುಂಪುಗಳನ್ನು ನೋಡಿಕೊಳ್ಳುತ್ತದೆ.

ಇದರಿಂದ ನಮಗೇನು? ಹಣ ಯಾರದೋ ಒತ್ತಡವೂ ಅವರದೇ. ಬ್ಯಾಂಕಿಗೆ ಸಂಸ್ಥೆ ವಾಯಿದೆಗೆ ಸರಿಯಾಗಿ ಕಟ್ಟಬೇಕು, ಷೇರುದಾರನಿಗೆ ಬೆಳವಣಿಗೆ ತೋರಿಸಬೇಕು. ಆ ಭಾರವೆಲ್ಲ ಕೊನೆಗೆ ಇಳಿಯುವುದು ನಮ್ಮ ಕೆಲಸಗಾರನ ಮನೆಯ ಜಗಲಿಯಲ್ಲಿ. ವಸೂಲಿಯ ಕಿರುಕುಳದ ದೂರುಗಳು ಹೆಚ್ಚಿದಾಗ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ ಸುಗ್ರೀವಾಜ್ಞೆ ತರಬೇಕಾಯಿತು.

ಆದುದರಿಂದ ಅಡ್ವಾನ್ಸ್ ಕೊಡುವ ಮೊದಲು ಎರಡು ಮಾತು ವಿಚಾರಿಸೋಣ. ಸಾಲ ಯಾರದು? ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಯದೇ, ಅಥವಾ ಖಾಸಗಿ ಬಡ್ಡಿ ವ್ಯಾಪಾರಿಯದೇ? 2022ರ ನಿಯಮದಂತೆ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡ್ ಕೊಡಬೇಕು. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಆ ಕಾರ್ಡಿನ ಫೋಟೋ ಊರಿನಿಂದ ಮೊಬೈಲಿಗೆ ತರಿಸಿ ನೋಡುವುದು ಕಷ್ಟವೇನಲ್ಲ. ಕಂತುಗಳು ಸಂಬಳದ ಅರ್ಧವನ್ನು ದಾಟಿದ್ದರೆ ಇನ್ನೊಂದು ಅಡ್ವಾನ್ಸ್ ಕೊಟ್ಟು ನಾವು ಆತನಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಜೊತೆಗೆ, ಕೆಲಸಗಾರರ ಹೆಸರಿನಲ್ಲಿ ಒಂದು ಪಿಗ್ಮಿ ಅಥವಾ ಆರ್‌ಡಿ ಖಾತೆ ತೆರೆಸಿದರೆ ಇನ್ನೂ ಒಳ್ಳೆಯದು. ಎಲ್ಲ ಬಂಡವಾಳಗಳಲ್ಲಿ ಅತಿ ಅಗ್ಗದ್ದು ಸ್ವಂತ ಉಳಿತಾಯ. ಎರಡಾಣೆಯ ಕಾಲದಿಂದಲೂ ನಮ್ಮ ಊರಿನವರಿಗೆ ಇದು ಗೊತ್ತು.