ಕಟಕ ರೊಟ್ಟಿಯ ಊರು, ಮೆತ್ತನ್ನ ರೊಟ್ಟಿಯ ಊರು

ಗದಗ ಸೀಮೆಯ ತಾಯಂದಿರು ಮಕ್ಕಳ ನೌಕರಿಯ ಊರನ್ನು ಅಳೆಯುವುದು ರೊಟ್ಟಿಯಿಂದ. ಹುಬ್ಬಳ್ಳಿಯಾದರೆ ನಸುಕಿನಲ್ಲಿ ಬಡಿದ ಜೋಳದ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಪಲ್ಯದ ಡಬ್ಬಿಯ ಜೊತೆ ಮೊದಲ ಬಸ್ಸಿಗೆ ಕೊಟ್ಟು ಕಳಿಸಬಹುದು. ಮಧ್ಯಾಹ್ನದ ಊಟಕ್ಕೆ ಅದು ಇನ್ನೂ ಮೆತ್ತಗೇ ಇರುತ್ತದೆ. ಬೆಂಗಳೂರಾದರೆ ಒಣಗಿಸಿದ ಕಟಕ ರೊಟ್ಟಿಯೇ ಗತಿ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ತಿಂಗಳಾದರೂ ಕೆಡದಂಥದ್ದು.

ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜು, ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಹೊರಬೀಳುವವರ ಮುಂದೆ ಒಮ್ಮೊಮ್ಮೆ ಎರಡು ಆಫರ್ ಲೆಟರ್‌ಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು ಬೆಂಗಳೂರಿನದು, ಇನ್ನೊಂದು ಹುಬ್ಬಳ್ಳಿಯದು. ಪಗಾರ ಹೆಚ್ಚಿರುವ ಕಡೆ ಹೋಗುವುದೇ ಸೈ ಎಂಬುದು ಬಹುಕಾಲ ನಡೆದುಬಂದ ಲೆಕ್ಕ. ಆ ಲೆಕ್ಕಕ್ಕೆ 2024ರಲ್ಲಿ ಒಂದು ಹೊಸ ಅಂಕಿ ಸೇರಿತು.

ಆ ವರ್ಷ ಇನ್ಫೋಸಿಸ್ ಕಂಪನಿ, ಮುಂಬೈ ಕರ್ನಾಟಕ ಮೂಲದ ತನ್ನ ಉದ್ಯೋಗಿಗಳಿಗೆ ಹುಬ್ಬಳ್ಳಿ ಕ್ಯಾಂಪಸ್ಸಿಗೆ ವರ್ಗವಾಗಿ ಬಂದರೆ ಪ್ರೋತ್ಸಾಹಧನ ಕೊಡುವುದಾಗಿ ಹೇಳಿತು. ಕೆಳಗಿನ ಹಂತದವರಿಗೆ ಬಂದ ಕೂಡಲೇ 25 ಸಾವಿರ ರೂಪಾಯಿ, ಆಮೇಲೆ ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ 25 ಸಾವಿರ. ಹುದ್ದೆ ಏರಿದಂತೆ ಮೊತ್ತವೂ ಏರಿ, ಮೇಲಿನ ಹಂತಕ್ಕೆ 8 ಲಕ್ಷದವರೆಗೆ ಮುಟ್ಟುತ್ತಿತ್ತು. ಊರು ಬಿಟ್ಟು ದೂರ ಹೋಗುವವರಿಗೆ ಹಣ ಕೊಡುವುದು ಹೊಸದಲ್ಲ. ಊರಿನ ಹತ್ತಿರ ಬನ್ನಿ ಎಂದು ಕಂಪನಿಯೊಂದು ಹಣ ಕೊಟ್ಟದ್ದು ಈ ಭಾಗದವರು ಕಂಡ ದೊಡ್ಡ ಸುದ್ದಿ.

ಅದರ ಹಿಂದೆ ಉದ್ದನೆಯ ಕಾಯುವಿಕೆ ಇದೆ. ವಿಮಾನ ನಿಲ್ದಾಣದ ಬಳಿ ಕಟ್ಟಡ ಎದ್ದು ನಿಂತು ವರ್ಷಗಳಾದರೂ ಒಳಗೆ ಕೆಲಸ ಶುರುವಾಗಿರಲಿಲ್ಲ. ಇನ್ಫೋಸಿಸ್ ಆರಂಭಿಸಿ ಎಂದು ಇಲ್ಲಿನ ಯುವಕರು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದರು. ಕ್ಯಾಂಪಸ್ 2022ರಲ್ಲಿ ತೆರೆಯಿತು. ಕೊಟ್ಟ ಭೂಮಿಗೆ ತಕ್ಕ ಉದ್ಯೋಗ ಸಿಕ್ಕಿಲ್ಲ ಎಂದು ಶಾಸಕ ಅರವಿಂದ ಬೆಲ್ಲದ ಬಹಿರಂಗವಾಗಿಯೇ ದನಿ ಎತ್ತಿದ್ದರು. ಹತ್ತಿರದ ಊರಿನಲ್ಲಿ ನೌಕರಿ ಎಂಬುದು ಈ ಸೀಮೆಗೆ ತಾನಾಗಿ ಬಂದದ್ದಲ್ಲ, ಕೇಳಿ ಕೇಳಿ ಪಡೆಯಬೇಕಾದದ್ದು.

ಲಕ್ಷ್ಮೇಶ್ವರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಬಿ.ಇ. ಮುಗಿಸಿದ್ದಾಳೆ. ಬೆಂಗಳೂರಿನ ಕಂಪನಿ ಕೈಗೆ 32 ಸಾವಿರ ಕೊಡುತ್ತದೆ, ಹುಬ್ಬಳ್ಳಿಯದು 22 ಸಾವಿರ. ಅಪ್ಪ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಹಿಂಬದಿಯಲ್ಲಿ ನಡುವೆ ಗೆರೆ ಎಳೆಯುತ್ತಾನೆ. ಎಡಕ್ಕೆ ಬೆಂಗಳೂರು: ಪಿಜಿಗೆ ಊಟ ಸೇರಿ 10 ಸಾವಿರ, ಓಡಾಟಕ್ಕೆ ಎರಡೂವರೆ, ಕೈಖರ್ಚಿಗೆ ಐದು, ತಿಂಗಳಿಗೆರಡು ಸಲ ಊರಿಗೆ ಬಂದುಹೋಗಲು ಎರಡು. ಉಳಿದದ್ದು ಹನ್ನೆರಡೂವರೆ ಸಾವಿರ. ಬಲಕ್ಕೆ ಹುಬ್ಬಳ್ಳಿ: ಅಲ್ಲೇ ಪಿಜಿ ಹಿಡಿದರೆ ಆರೂವರೆ, ಕೈಖರ್ಚಿಗೆ ನಾಲ್ಕು, ಉಳಿದದ್ದು ಹನ್ನೊಂದೂವರೆ. ಪತ್ರದ ಮೇಲೆ ಹತ್ತು ಸಾವಿರವಿದ್ದ ಅಂತರ ಹಾಳೆಯ ಬುಡಕ್ಕೆ ಬರುವಷ್ಟರಲ್ಲಿ ಒಂದು ಸಾವಿರವಾಗಿದೆ. ಮನೆಯಿಂದಲೇ ಬಸ್ಸಿಗೆ ಓಡಾಡಿದರೆ? ಆಗ ಕೈಖರ್ಚು ಕಳೆದು 18 ಸಾವಿರ ಉಳಿಯುತ್ತದೆ.

ಆ ಕೊನೆಯ ಸಾಲು ಹೆಣ್ಣುಮಕ್ಕಳಿಗೆ ಸಾಧ್ಯವಾದದ್ದು 2023ರ ಜೂನ್ 11ರಿಂದ. ಅಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಐವತ್ತು ಕಿಲೋಮೀಟರಿನ ಆಸುಪಾಸು. ಹೋಗಿಬರಲು ದಿನಕ್ಕೆ ಮೂರು ತಾಸು ಬೇಕು. ಈ ಯೋಜನೆಯ ಬಗ್ಗೆ ಆಡುವ ಮಾತುಗಳಲ್ಲಿ ದೇವಸ್ಥಾನಗಳ ಪ್ರವಾಸವೇ ಹೆಚ್ಚು ಬರುತ್ತದೆ. ಸಣ್ಣ ಪಗಾರದ ನೌಕರಿಯೊಂದನ್ನು ಹುಡುಗಿ ಬಿಡದೆ ಹಿಡಿದುಕೊಳ್ಳಲು ಅದು ನೆರವಾಗುವುದನ್ನು ಮೊದಲು ಹೇಳಬೇಕಿತ್ತು.

ಗದಗದವರಿಗೆ ಹುಬ್ಬಳ್ಳಿಗೆ ದಿನವೂ ಹೋಗಿಬರುವುದು ಹಳೆಯ ರೂಢಿ. ಭಾರತ ತಂಡದ ಮಾಜಿ ಎಡಗೈ ಸ್ಪಿನ್ನರ್ ಸುನೀಲ್ ಜೋಶಿ ಹುಡುಗನಾಗಿದ್ದಾಗ ಕ್ರಿಕೆಟ್ ಅಭ್ಯಾಸಕ್ಕೆ ಬೆಳಗಿನ ಜಾವವೇ ಹುಬ್ಬಳ್ಳಿಗೆ ಹೋಗಿ, ಶಾಲೆಯ ಗಂಟೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು.

ಆದರೂ ಕ್ಯಾಲೆಂಡರಿನ ಹಾಳೆ ಎಲ್ಲವನ್ನೂ ಹೇಳುವುದಿಲ್ಲ. ಮೊದಲ ತಿಂಗಳ ಪಗಾರಕ್ಕಿಂತ ಮೂರನೆಯ ವರ್ಷದ ಪಗಾರ ಮುಖ್ಯ ಎನ್ನುವವರ ಮಾತಿನಲ್ಲಿ ಹುರುಳಿದೆ. ಬೆಂಗಳೂರಿನಲ್ಲಿ ಒಂದು ಕಂಪನಿ ಕೈಬಿಟ್ಟರೆ ಅದೇ ರಸ್ತೆಯಲ್ಲಿ ಇನ್ನೊಂದು ಬಾಗಿಲು ಸಿಗುತ್ತದೆ, ಹುಬ್ಬಳ್ಳಿಯಲ್ಲಿ ಬಾಗಿಲುಗಳು ಎಣಿಸುವಷ್ಟೇ. ಬೆಂಗಳೂರಿಗೆ ಹೋದ ಮಕ್ಕಳು ಇನ್ನೊಂದು ಬೆಲೆಯನ್ನೂ ತೆರುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡೆಂದು ಗುರುತಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಂದ ಹೋದ ಹುಡುಗಿ ಆಫೀಸಿನಲ್ಲಿ ತನ್ನ ಮಾತಿಗೆ ಯಾರೋ ನಕ್ಕರೆಂದು ‘ಹೌದ್ರಿ’ ನುಂಗಿಕೊಳ್ಳುವುದು ನೋವಿನ ಸಂಗತಿ.

ಸರಕಾರಿ ನೌಕರಿಯಲ್ಲಿ ಊರಿನ ಬೆಲೆಯನ್ನು ಸರಕಾರವೇ ಅಚ್ಚು ಹಾಕಿಟ್ಟಿದೆ. ಕೇಂದ್ರದ ನೌಕರರ ಮನೆಬಾಡಿಗೆ ಭತ್ಯೆಗೆ ಬೆಂಗಳೂರು ಎಕ್ಸ್ ವರ್ಗ, ಹುಬ್ಬಳ್ಳಿ-ಧಾರವಾಡ ವೈ, ಗದಗ ಝಡ್. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, 2024ರಿಂದ, ಈ ಭತ್ಯೆ ಮೂಲವೇತನದ ಶೇ 30, 20 ಮತ್ತು 10. ಮೂಲವೇತನ 30 ಸಾವಿರವಿದ್ದರೆ ಬೆಂಗಳೂರಿನಲ್ಲಿ 9 ಸಾವಿರ, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ 6 ಸಾವಿರ, ಗದಗ ನಿಲ್ದಾಣದಲ್ಲಿ 3 ಸಾವಿರ. ಸ್ವಂತ ಮನೆಯಲ್ಲಿ ಅವ್ವನ ಕೈಯೂಟ ಉಣ್ಣುವವನಿಗೆ ಆ 3 ಸಾವಿರ ಪೂರಾ ಉಳಿಯುತ್ತದೆ.

ಊರನ್ನು ಆರಿಸಿಕೊಂಡೆವು ಎಂದುಕೊಂಡ ಮೇಲೂ ಅದು ಕೈತಪ್ಪಬಹುದು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2005ರಲ್ಲಿ ಹುಟ್ಟಿತು. ಅದರ ವ್ಯಾಪ್ತಿಯಲ್ಲಿದ್ದದ್ದು ಗದಗ ಸೇರಿ ಒಂಬತ್ತು ಜಿಲ್ಲೆ. ದೊಡ್ಡ ಬ್ಯಾಂಕಿನಲ್ಲಿ ಆಯ್ಕೆಯಾಗಿ ದೇಶದ ಯಾವ ಮೂಲೆಗಾದರೂ ಹೋಗುವುದಕ್ಕಿಂತ ಇದು ಮೇಲು, ಎಷ್ಟೇ ದೂರಕ್ಕೆ ವರ್ಗವಾದರೂ ಕರಾವಳಿ ದಾಟುವುದಿಲ್ಲ ಎಂಬ ಧೈರ್ಯ ಅಲ್ಲಿ ಸೇರುವವರಿಗಿತ್ತು. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬ ಕೇಂದ್ರದ ನೀತಿಯಂತೆ 2025ರ ಮೇ 1ರಂದು ಅದು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಡನೆ ವಿಲೀನವಾಯಿತು. ಈಗ ಬ್ಯಾಂಕಿನ ಸೀಮೆ ಎಂದರೆ ಇಡೀ ಕರ್ನಾಟಕ.

ಮುಂಡರಗಿಯ ಸಂಕಟ ಬೇರೆ ತೆರನದು. ಅಲ್ಲಿನವರಿಗೆ ಕೊಪ್ಪಳ ತಾಸಿನ ದಾರಿ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಆ ಎರಡೂ ಕಲ್ಯಾಣ ಕರ್ನಾಟಕದಲ್ಲಿವೆ, ಮುಂಡರಗಿ ಇಲ್ಲ. ಸಂವಿಧಾನದ 371ಜೆ ವಿಧಿಯಂತೆ ಆ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಅಲ್ಲಿಯವರಿಗೇ ಮೀಸಲು. ತಲೆಮಾರುಗಳ ಹಿಂದುಳಿದಿರುವಿಕೆಗೆ ಪರಿಹಾರವಾಗಿ ಬಂದ ಆ ಮೀಸಲಾತಿ ನ್ಯಾಯವಾದದ್ದೇ. ಆದರೆ ಕೊಪ್ಪಳ ಅಂದು ನಿಜಾಮರ ಆಳ್ವಿಕೆಯಲ್ಲಿತ್ತು ಎಂಬ ಚರಿತ್ರೆ, ಇಂದು ಮುಂಡರಗಿಯ ಬಿ.ಇಡಿ. ಮುಗಿಸಿದ ಹುಡುಗನನ್ನು ಪಕ್ಕದ ಶಾಲೆ ಬಿಟ್ಟು ಬೆಳಗಾವಿಯ ಕಡೆಯ ಹುದ್ದೆಗೆ ಅರ್ಜಿ ಹಾಕಿಸುತ್ತದೆ.

ಪತ್ರವೇ ಇಲ್ಲದ ನೌಕರಿಗಳೂ ಇವೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲ್ಲೂಕುಗಳ ತಾಂಡಾಗಳಲ್ಲಿ ಎರಡು ಊರುಗಳ ನಡುವಿನ ಆಯ್ಕೆ ವರ್ಷವರ್ಷವೂ ನಡೆಯುತ್ತದೆ. ಹೀಗೆ ದುಡಿಮೆಗೆ ಊರು ಬಿಟ್ಟು ಹೋಗುವುದಕ್ಕೆ ಹೆಸರು ಗುಳೆ. ಗೋವೆಗೋ, ಮಂಗಳೂರಿಗೋ, ಬೆಂಗಳೂರಿಗೋ? ಹಿಂಗಾರಿ ಕೈಕೊಟ್ಟ ವರ್ಷ ಕೇಳುವುದೇ ಬೇಡ. ಸಂಬಂಧಿಕರು ಮೊದಲೇ ಹೋಗಿ ಗುಡಿಸಲು ಹಾಕಿದ ಕಡೆ, ಮೇಸ್ತ್ರಿ ಮುಂಗಡ ಕೊಟ್ಟ ಕಡೆ ದಾರಿ ತಿರುಗುತ್ತದೆ. ಗೋವೆಗಾದರೆ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗದಗದಲ್ಲೇ ಸಿಗುತ್ತದೆ. ಹಾಸಿಗೆಯ ಗಂಟು, ಅಕ್ಕಿಯ ಚೀಲ, ಕಂಕುಳಲ್ಲಿ ಕೂಸು.

ಊರಲ್ಲೇ ಉಳಿದವರಿಗೆ ಉದ್ಯೋಗ ಖಾತ್ರಿಯಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಮನೆಗೆ ವರ್ಷಕ್ಕೆ 100 ದಿನ. ನೂರಕ್ಕೆ ನೂರು ದಿನ ಸಿಕ್ಕರೂ 37 ಸಾವಿರ. ಉಳಿದ 265 ದಿನಗಳಿಗೆ ಗುಳೆಯೇ ಉತ್ತರವಾಗಿತ್ತು. ಎಂಜಿನಿಯರ್ ಹುಡುಗಿಯ ಮನೆಯಲ್ಲಿ ಅಪ್ಪ ಹಾಳೆಯ ಮೇಲೆ ಗೆರೆ ಎಳೆದಂತೆ ಇಲ್ಲೂ ಲೆಕ್ಕ ನಡೆಯುತ್ತದೆ, ಬಾಯಲ್ಲೇ. ಶಾಲೆಗೆ ಹೋಗುವ ಮಗಳನ್ನು ಅಜ್ಜಿಯ ಬಳಿ ಬಿಡುವುದೋ, ಕರೆದೊಯ್ಯುವುದೋ? ಕರೆದೊಯ್ದರೆ ಅಲ್ಲಿ ಕನ್ನಡ ಶಾಲೆ ಇದೆಯೋ, ಇಲ್ಲವೋ? ಅಜ್ಜಿಗೆ ಜ್ವರ ಬಂದರೆ ಯಾರು ಫೋನು ಮಾಡುತ್ತಾರೆ, ಎಷ್ಟು ಹೊತ್ತಿಗೆ ಬಂದು ಮುಟ್ಟಬಹುದು? ದೀಪಾವಳಿಗೆ ತಾಂಡಾ ಮತ್ತೆ ತುಂಬುತ್ತದೆ. ಹಬ್ಬ ಮುಗಿದು ವಾರವಾಗುವಷ್ಟರಲ್ಲಿ ಬಾಗಿಲುಗಳಿಗೆ ಬೀಗ ಬೀಳುತ್ತದೆ.

ಈ ಎರಡು ಮನೆಗಳ ನಡುವೆ ಅಂತರ ದೊಡ್ಡದು. ಒಂದರಲ್ಲಿ ಭವಿಷ್ಯನಿಧಿ, ವಿಮೆ, ಇನ್ನೊಂದರಲ್ಲಿ ಮುಂಗಡದ ಸಾಲ. ಆದರೂ ಎರಡೂ ಮನೆಗಳಲ್ಲಿ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಬೇಕೆನಿಸಿದಾಗ ಮನೆಗೆ ಬರಲಾಗುತ್ತದೆಯೇ? ಗದಗ–ಯಲವಿಗಿ ರೈಲು ಮಾರ್ಗಕ್ಕಾಗಿ ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಬಹಳ ವರ್ಷಗಳಿಂದ ಮನವಿ ಕೊಡುತ್ತಲೇ ಬಂದಿರುವುದಕ್ಕೆ ಇದೂ ಒಂದು ಕಾರಣ. ನೌಕರಿ ಊರಿಗೆ ಬರದಿದ್ದರೂ, ನೌಕರಿಯಿಂದ ಊರಿಗೆ ಬರುವ ದಾರಿಯಾದರೂ ಬೇಕು.

ಲಕ್ಷ್ಮೇಶ್ವರದ ಆ ಮನೆಯಲ್ಲಿ ಹಾಳೆ ಇನ್ನೂ ಟಿವಿಯ ಕೆಳಗೆ ಮಡಚಿಕೊಂಡೇ ಇದೆ. ಬೆಂಗಳೂರಿನವರು ಶುಕ್ರವಾರದೊಳಗೆ ಉತ್ತರ ಕೇಳಿದ್ದಾರೆ. ‘ನೀ ಎಲ್ಲೆ ಹೋದ್ರೂ ನಂದೇನಿಲ್ಲವಾ’ ಎಂದು ಅವ್ವ ಅಂದಿದ್ದಾಳೆ, ಅಂದು ಒಳಗೆ ಹೋಗಿದ್ದಾಳೆ. ಹುಬ್ಬಳ್ಳಿಯ ಕಂಪನಿಯ ಪಾಳಿ ಬಿಡುವುದು ಸಂಜೆ ಏಳಕ್ಕೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನತ್ತ ಹೊರಟಿದ್ದಾನೆ. ಹುಬ್ಬಳ್ಳಿಯಿಂದ ಬರುವ ವಸ್ತಿ ಬಸ್ಸು ಅಲ್ಲಿ ಎಷ್ಟಕ್ಕೆ ಬಿಡುತ್ತದೆ, ಮಳೆಗಾಲದಲ್ಲೂ ತಪ್ಪದೆ ಬರುತ್ತದೆಯೇ ಎಂದು ಕಂಟ್ರೋಲರ್‌ನನ್ನು ಕೇಳಿಕೊಂಡು ಬರಬೇಕಿದೆ.